ಸ್ವೀಡನ್ನಿನ ಕಾಡು, ಮಾದಾಪುರದ ಏಳನೇ ಬಾವುಟ

ಮಾದಾಪುರ, ಹೊರಡುವ ಮುಂಚೆ

ನನ್ನ ಹೆಸರು ಕುಶಾಲ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹದಿನಾಲ್ಕನೇ ವಯಸ್ಸಿಗೆ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಮರ ಹತ್ತಿದೆ. ಕಾಫಿ ಗಿಡಕ್ಕೆ ಬೇಕಾದಷ್ಟು ಬಿಸಿಲು ಬೀಳುವಂತೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ. ನಮ್ಮಲ್ಲಿ ಅದಕ್ಕೆ ಮರಗಸಿ ಎನ್ನುತ್ತಾರೆ. ಈಗ ನನ್ನದೇ ಒಂದು ಗುಂಪಿದೆ. ಮಾದಾಪುರದ ಸುತ್ತಮುತ್ತಲ ಯಾವ ತೋಟಕ್ಕೆ ಕಣ್ಣು ಕಟ್ಟಿ ಕರೆದೊಯ್ದು ಬಿಟ್ಟರೂ ಮರದ ತುದಿ ನೋಡಿಕೊಂಡು ಮನೆಗೆ ಬರುತ್ತೇನೆ. ಇದು ಜಂಬದ ಮಾತಲ್ಲ. ಸ್ವಲ್ಪ ಜಂಬವೂ ಇದೆ, ಇರಲಿ.

ನಮ್ಮ ಪಕ್ಕದ ಮನೆಯ ಸುಬೇದಾರ್ ಮಾಚಯ್ಯನವರು ಸೈನ್ಯದಿಂದ ನಿವೃತ್ತರಾಗಿ ಬರುವಾಗ ಒಂದು ಆಟ ಕಲಿತು ಬಂದಿದ್ದರು. ಓರಿಯಂಟೀರಿಂಗ್ ಅಂತ ಅದರ ಹೆಸರು. ನಮ್ಮ ಬಾಯಿಗೆ ಅದು ನಕ್ಷೆ ಓಟ. ಕೈಗೆ ಒಂದು ನಕ್ಷೆ, ಒಂದು ದಿಕ್ಸೂಚಿ ಕೊಡುತ್ತಾರೆ. ನಕ್ಷೆಯಲ್ಲಿ ಅಲ್ಲಲ್ಲಿ ಕೆಂಪು ಸುತ್ತು ಹಾಕಿರುತ್ತದೆ. ಆ ಜಾಗಗಳಲ್ಲಿ ಕಿತ್ತಳೆ ಬಿಳಿ ಬಣ್ಣದ ಪುಟ್ಟ ಬಾವುಟಗಳಿರುತ್ತವೆ. ಒಂದರ ನಂತರ ಒಂದರಂತೆ ಎಲ್ಲವನ್ನೂ ಮುಟ್ಟಿ, ಅಲ್ಲೇ ಕಟ್ಟಿಟ್ಟ ಮುದ್ರೆಯಿಂದ ಚೀಟಿಗೆ ಗುರುತು ಹಾಕಿಕೊಂಡು, ಯಾರು ಬೇಗ ಬರುತ್ತಾರೋ ಅವರು ಗೆದ್ದ ಹಾಗೆ. ಇಬ್ಬರೂ ಸೇರಿ ಊರಲ್ಲೇ ಶುರು ಮಾಡಿದೆವು. ನಕ್ಷೆ ಅವರದ್ದು, ಬಾವುಟ ಕಟ್ಟುವುದು ನನ್ನದು.

ಮೊದಲನೇ ಸಲ ಊರಿಗೆ ಊರೇ ಬಂದಿತ್ತು. ಆಮೇಲೆ ಇಳಿಯುತ್ತಾ ಹೋಗಿ ಕಳೆದ ಸಲ ಓಡಿದವರು ಒಂಬತ್ತು ಜನ. ಅದರಲ್ಲಿ ನಾಲ್ವರು ಸುಬೇದಾರ್ರ ನೆಂಟರು.

ಬಾವುಟ ಕಟ್ಟುವುದರಲ್ಲಿ ನನ್ನ ಕೈಚಳಕ ಹೇಗಿತ್ತು ಎಂದರೆ, ಏಳನೆಯದು ಯಾರಿಗೂ ಸಿಗುತ್ತಿರಲಿಲ್ಲ. ಹಲಸಿನ ಮರದ ಪೊಟರೆಯೊಳಗೆ ಇಟ್ಟು, ಮೇಲೆ ಕರಿಮೆಣಸಿನ ಬಳ್ಳಿ ಎಳೆದು ಬಿಡುತ್ತಿದ್ದೆ. ಜನ ಆ ಮರವನ್ನೇ ಮೂರು ಸುತ್ತು ಸುತ್ತಿ ಹೋಗುವುದನ್ನು ದೂರದಿಂದ ನೋಡಿ ನನಗೆ ವಾರವಿಡೀ ಖುಷಿ.

ಮೊದಲ ವರ್ಷ ನನ್ನ ಹೆಂಡತಿ ಲೀಲಾವತಿಯೂ ಬಂದಿದ್ದಳು. ಎಲ್ಲರೂ ಮುಗಿಸಿ ಊಟಕ್ಕೆ ಕೂತ ಮೇಲೆ, ಕಾಲಿಗೆ ಇಂಬಳ ಕಚ್ಚಿಸಿಕೊಂಡು, ಸೆರಗು ಮುಳ್ಳಿಗೆ ಹರಿದುಕೊಂಡು ಬಂದಳು. ಏಳನೆಯದು ಸಿಕ್ಕಿರಲಿಲ್ಲ. ನಾನು ಅಷ್ಟು ಜನರ ಮುಂದೆ, "ಇಪ್ಪತ್ತು ವರ್ಷ ಇದೇ ತೋಟದಲ್ಲಿ ಕಾಫಿ ಹಣ್ಣು ಕುಯ್ದವಳು, ಒಂದು ಮರ ಹುಡುಕ್ಲಿಕ್ಕೆ ಆಗ್ಲಿಲ್ವಾ?" ಅಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಅಲ್ಲಿಂದೀಚೆಗೆ ನಮ್ಮ ಓಟದ ದಿನವೇ ಅವಳಿಗೆ ಎಲ್ಲಾದರೂ ಒಂದು ನಾಮಕರಣ ಇರುತ್ತಿತ್ತು.

ಸುಬೇದಾರ್ರ ಹೋಮ್‌ಸ್ಟೇಗೆ ಒಂದು ಸಲ ಸ್ವೀಡನ್ ದೇಶದ ಗಂಡ ಹೆಂಡತಿ ಬಂದು ಹದಿನೈದು ದಿನ ಇದ್ದರು. ಲಾರ್ಸ್ ಮತ್ತು ಇಂಗ್ರಿಡ್. ಇಬ್ಬರೂ ಮೇಷ್ಟ್ರಾಗಿದ್ದವರು, ಅರುವತ್ತು ದಾಟಿದವರು. ಈ ಆಟ ಹುಟ್ಟಿದ್ದೇ ಆ ಕಡೆಯ ದೇಶಗಳಲ್ಲಿ. ಅವರೂ ನಮ್ಮ ಜೊತೆ ಓಡಿದರು. ಏಳನೆಯದು ಲಾರ್ಸ್‌ಗೂ ಸಿಗಲಿಲ್ಲ. "ಬಹಳ ವಿಶೇಷವಾದ ಬಾವುಟ" ಅಂದರು. ಹೊಗಳಿದರು ಅಂದುಕೊಂಡೆ. ಹೋಗುವಾಗ, "ನಮ್ಮೂರಲ್ಲಿ ಪ್ರತಿ ಮಂಗಳವಾರ ಓಟ ಇರುತ್ತದೆ, ಒಮ್ಮೆ ಬಂದು ನೋಡಿ" ಅಂತ ಕರೆದರು.

"ಹೋಗುವ ಕುಶಾಲ," ಅಂದರು ಸುಬೇದಾರ್ರು. "ಅವರು ಹೇಗೆ ಜನ ಸೇರಿಸ್ತಾರೆ ನೋಡುವ. ಬಂದ ಮೇಲೂ ನಮ್ಮದು ಹೀಗೇ ಆದ್ರೆ, ಬಾವುಟ ಎಲ್ಲ ಮಡಚಿ ಅಟ್ಟಕ್ಕೆ ಹಾಕುವ. ನಂಗೂ ಮಂಡಿ ನೋವು."

ಅವರು ಹಾಗೆಂದದ್ದಕ್ಕೆ ನನಗೆ ಮಂಡಿಗಿಂತ ಮೇಲೆ ಎಲ್ಲೋ ನೋವಾಯಿತು. ಶಾಲೆಯಲ್ಲಿ ನಕ್ಷೆ ಪಾಠ ತಲೆಗೆ ಹತ್ತುವ ಮುಂಚೆ ಶಾಲೆ ಬಿಟ್ಟವನು ನಾನು. ನಕ್ಷೆ ಓದಲು ಕಲಿತದ್ದು ಈ ಆಟದಲ್ಲಿ. ಅಟ್ಟಕ್ಕೆ ಹಾಕುವುದು ಅಷ್ಟು ಸುಲಭವಲ್ಲ.

ರೈಲಿನಲ್ಲಿ

ಟಿಕೆಟ್ಟಿಗೆ ಸುಬೇದಾರ್ರ ಪಿಂಚಣಿಯೂ ನನ್ನ ಉಳಿತಾಯವೂ ಕೂಡಿತು. ವಿಮಾನದ ಬಗ್ಗೆ ಬರೆಯಲಿಕ್ಕೆ ಏನಿಲ್ಲ. ಕಾಲು ಮಡಚಿ ಕೂತೆವು, ಕಾಲು ಊದಿಸಿಕೊಂಡು ಇಳಿದೆವು.

ಸ್ಟಾಕ್‌ಹೋಮಿನಿಂದ ರೈಲು ಹತ್ತಿದೆವು. ಸೆಪ್ಟೆಂಬರ್ ತಿಂಗಳು, ನಮ್ಮಲ್ಲಿ ಮಳೆ ಬಿಡುವ ಸಮಯ, ಅಲ್ಲಿ ಚಳಿ ಶುರುವಾಗುವ ಸಮಯ. ಕಿಟಕಿಯ ಹೊರಗೆ ಬರೀ ಕಾಡು, ನಡುನಡುವೆ ಕೆರೆ. ಸುಬೇದಾರ್ರದ್ದು ಪರೇಡ್ ಮೈದಾನದ ದನಿ. "ನೋಡು ಕುಶಾಲ, ಒಂದು ಬೇಲಿ ಇಲ್ಲ, ಒಂದು ಗೇಟಿಲ್ಲ. ಇಷ್ಟು ಕಾಡು ಯಾರದ್ದು ಮಾರಾಯ?"

ಎದುರಿನ ಸೀಟಿನ ಹೆಂಗಸು ಎದ್ದು, ಏನೂ ಹೇಳದೆ, ಗಾಜಿನ ಮೇಲಿನ ಒಂದು ಚಿತ್ರ ತೋರಿಸಿದರು. ತುಟಿಯ ಮೇಲೆ ಬೆರಳಿಟ್ಟ ಚಿತ್ರ. ಅದು ಮಾತಾಡಬಾರದ ಡಬ್ಬಿಯಂತೆ. ನಮ್ಮ ಗೋಣಿಕೊಪ್ಪದ ಬಸ್ಸಿನಲ್ಲಿ ಅಂಥ ಒಂದು ಚಿತ್ರ ಅಂಟಿಸಿದರೆ ಕಂಡಕ್ಟರಿಗೇ ಮೊದಲು ಕಷ್ಟ.

ಅಲ್ಲಿಂದ ಎರಡು ಗಂಟೆ ಸುಬೇದಾರ್ರು ಮಿಲಿಟರಿ ಸನ್ನೆಯಲ್ಲಿ ಮಾತಾಡಿದರು. ಶತ್ರು ಹತ್ತಿರ ಇದ್ದಾಗ ಮಾಡುವ ಸನ್ನೆಗಳು. ಎಡಗಡೆ ನೋಡು, ತಲೆ ಬಗ್ಗಿಸು, ಮುಂದೆ ನಡೆ. ನಾನು ಗೊತ್ತಿಲ್ಲದೆ ತಲೆ ಬಗ್ಗಿಸಿದೆ. ಅವರು ಕೇಳಿದ್ದು ನೀರಿನ ಬಾಟಲಿ. ಇಳಿಯುವಾಗ ಆ ಹೆಂಗಸು ನಮ್ಮಿಬ್ಬರ ಕೈಗೂ ಒಂದೊಂದು ಪೆಪ್ಪರ್‌ಮಿಂಟ್ ಇಟ್ಟು ನಕ್ಕು ಹೋದರು.

ಇಂಗ್ರಿಡ್ ಅವರ ಮನೆ

ಚಪ್ಪಲಿ ಬಾಗಿಲಲ್ಲೇ ಬಿಡಬೇಕು ಅಂದಾಗ ನನಗೆ ಅರ್ಧ ಊರು ಸಿಕ್ಕಿದಂತಾಯಿತು. ಇಂಗ್ಲಿಷು ನನಗೆ ಎಸ್ಟೇಟ್ ಇಂಗ್ಲಿಷಷ್ಟೇ ಬರುವುದು. ಮಿಕ್ಕದ್ದನ್ನು ಸುಬೇದಾರ್ರು ಹೇಳುತ್ತಿದ್ದರು. ಅಲ್ಲಿಯವರ ಮಾತೆಲ್ಲ ಇಲ್ಲಿ ನನ್ನ ಮಾತಲ್ಲಿ ಬರೆದಿದ್ದೇನೆ.

ಇಂಗ್ರಿಡ್ ದೊಡ್ಡ ಲೋಟದ ತುಂಬ ಕಪ್ಪು ಕಾಫಿ ಕೊಟ್ಟರು. ಅವರು ದಿನಕ್ಕೆ ಎಷ್ಟು ಸಲ ಕುಡಿಯುತ್ತಾರೋ ಲೆಕ್ಕವಿಲ್ಲ. ಕಾಫಿ ಬೆಳೆಯದ ಊರಿನವರಿಗೆ ಕಾಫಿಯ ಮೇಲೆ ಇಷ್ಟು ಪ್ರೀತಿ. ನಾನು ಚೀಲದಿಂದ ಬೆಲ್ಲದ ಅಚ್ಚು ತೆಗೆದು, ಒಂದು ತುಂಡು ಮುರಿದು ಲೋಟಕ್ಕೆ ಹಾಕಿದೆ. ಲಾರ್ಸ್ ತಮ್ಮ ಲೋಟವನ್ನೂ ಮುಂದೆ ಒಡ್ಡಿದರು. ಆಮೇಲೆ ಕೇಳಿದರು, "ನಿಮ್ಮ ಕಳೆದ ಓಟಕ್ಕೆ ಎಷ್ಟು ಜನ ಬಂದಿದ್ದರು?"

"ಒಂಬತ್ತು," ಅಂದರು ಸುಬೇದಾರ್ರು.

"ಹದಿನೈದು," ಅಂದೆ ನಾನು, ಅದೇ ಗಳಿಗೆಯಲ್ಲಿ.

ಇಂಗ್ರಿಡ್ ಇಬ್ಬರ ಮುಖವನ್ನೂ ನೋಡಿ, "ಹಾಗಾದರೆ ಇಪ್ಪತ್ತನಾಲ್ಕು," ಅಂದರು.

ಮಂಗಳವಾರ, ಕಾಡು

ಸಂಜೆ ನಾಲ್ಕೂವರೆಗೆ ಊರಾಚೆಯ ಕಾಡಿನ ಅಂಚಿಗೆ ಹೋದೆವು. ಒಂದು ಮಡಚುವ ಮೇಜು, ಮೇಜಿನ ಮೇಲೆ ನಕ್ಷೆಗಳು, ಪಕ್ಕದಲ್ಲಿ ಎರಡು ದೊಡ್ಡ ಫ್ಲಾಸ್ಕ್. ಅಷ್ಟೇ. ನಮ್ಮಲ್ಲಾದರೆ ಶಾಮಿಯಾನ, ಮೈಕು, ಮುಖ್ಯ ಅತಿಥಿ, ಅವರಿಗೆ ಶಾಲು ಹಾರ, ಅವರ ಭಾಷಣ. ಓಟ ಶುರುವಾಗುವಾಗ ಓಡುವವರ ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ಇಲ್ಲಿ ಬಂದವರು ಬಂದ ಹಾಗೆ ನಕ್ಷೆ ತೆಗೆದುಕೊಂಡು ಕಾಡಿಗೆ ನುಗ್ಗುತ್ತಿದ್ದರು. ಬೆನ್ನಿಗೆ ಮಗು ಕಟ್ಟಿಕೊಂಡ ತಾಯಿ, ಕೋಲೂರಿಕೊಂಡ ಅಜ್ಜ, ಆಫೀಸಿನ ಅಂಗಿಯಲ್ಲೇ ಬಂದವರು.

ನಕ್ಷೆಯಲ್ಲಿ ಮೂರು ಬಗೆ. ಗಿಡ್ಡದ್ದು, ನಡುವಿನದ್ದು, ಉದ್ದದ್ದು. ಸುಬೇದಾರ್ರು ಮಂಡಿ ನೆನೆದು ಗಿಡ್ಡದ್ದು ತೆಗೆದುಕೊಂಡರು. ನಾನು, "ಉದ್ದದ್ದು ಕೊಡಿ," ಅಂದೆ.

ಹತ್ತು ಹೆಜ್ಜೆ ಒಳಗೆ ಹೋದ ಮೇಲೆ ಗೊತ್ತಾಯಿತು, ಇಲ್ಲಿ ನನ್ನ ವಿದ್ಯೆ ನಡೆಯುವುದಿಲ್ಲ. ಮರವೆಲ್ಲ ಒಂದೇ ಜಾತಿ, ಒಂದೇ ಎತ್ತರ. ಹಲಸಿಲ್ಲ, ಅತ್ತಿಯಿಲ್ಲ, ಗುರುತಿಗೆ ಒಂದು ಬಸರಿ ಮರವಿಲ್ಲ. ಸೂರ್ಯ ಕೂಡ ಆಕಾಶದ ಓರೆಯಲ್ಲಿ, ಬಾಗಿಲ ಸಂದಿಯಿಂದ ಇಣುಕುವ ಹಾಗೆ ನಿಂತಿದ್ದ. ನೆಲದ ತುಂಬ ನೀಲಿ ಹಣ್ಣು. ನಕ್ಷೆ ಒಂದೇ ಗತಿ.

ಮೊದಲ ಬಾವುಟ ಒಂದು ದೊಡ್ಡ ಬಂಡೆಯ ಹತ್ತಿರ. ಬಂಡೆ ಸಿಕ್ಕಿತು. ನಾನು ಬಗ್ಗಿ ಬಂಡೆಯಡಿ ನೋಡಿದೆ. ಸಂದಿಗೆ ಕೈ ಹಾಕಿದೆ. ಪಾಚಿ ಎತ್ತಿ ನೋಡಿದೆ. ಅಷ್ಟರಲ್ಲಿ ಬಿಳಿ ಜಡೆಯ ಒಬ್ಬ ಅಜ್ಜಿ ಬಂದರು. ಬಂಡೆಯ ಆಚೆ ಬದಿಯಲ್ಲಿ, ಎದೆಯ ಮಟ್ಟಕ್ಕೆ, ಗೂಟಕ್ಕೆ ಕಟ್ಟಿದ ಬಾವುಟ ಗಾಳಿಗೆ ಆಡುತ್ತಿತ್ತು. ಅವರು ಗುರುತು ಹಾಕಿಕೊಂಡು, ನನಗೆ ಒಂದು ನಮಸ್ಕಾರ ಹೇಳಿ ಹೋದರು. ನಾನು ನೆಲದ ಮೇಲೆ ಬೋರಲು ಬಿದ್ದಿದ್ದೆ.

ಎರಡನೆಯದೂ ಹಾಗೇ, ಎದುರಿಗೇ ಸಿಕ್ಕಿತು. ಮೂರನೆಯದು ದೂರದಿಂದಲೇ ಕಂಡಿತು. ನನಗೆ ಅನುಮಾನ ಬಂತು. ಇಷ್ಟು ಸುಲಭ ಇರಲಿಕ್ಕಿಲ್ಲ, ಇದು ದಾರಿ ತಪ್ಪಿಸಲು ಕಟ್ಟಿದ ಮೋಸದ ಬಾವುಟ, ನಿಜವಾದದ್ದು ಒಳಗೆಲ್ಲೋ ಇದೆ ಅಂದುಕೊಂಡು ಮುಂದೆ ಹೋಗಿ, ಒಂದು ಹಳ್ಳದ ಉದ್ದಕ್ಕೂ ಹುಡುಕಿದೆ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಕೊನೆಗೆ ವಾಪಸು ಬಂದು ನೋಡಿದರೆ ನಕ್ಷೆಯಲ್ಲಿದ್ದ ಅಂಕಿಯೇ ಬಾವುಟದಲ್ಲೂ ಇತ್ತು.

ನಾಲ್ಕನೆಯದಕ್ಕೆ ಹೋಗುವ ದಾರಿಯಲ್ಲಿ ಒಂದು ಕೆಂಪು ಮರದ ಮನೆ. ನಕ್ಷೆ ಪ್ರಕಾರ ಅದರ ಹಿಂದಿನ ಕಾಡಿನಲ್ಲಿ ನುಗ್ಗಬೇಕು. ನನ್ನ ಕಾಲು ನಿಂತುಬಿಟ್ಟಿತು. ನಮ್ಮಲ್ಲಿ ಒಬ್ಬರ ತೋಟಕ್ಕೆ ಹೇಳದೆ ಕೇಳದೆ ಕಾಲಿಟ್ಟರೆ ಅವನಿಗೆ ಒಂದೇ ಹೆಸರು, ಮೆಣಸು ಕಳ್ಳ. ನಲವತ್ತು ವರ್ಷ ತೋಟಗಳಲ್ಲಿ ದುಡಿದು ಆ ಹೆಸರು ತೆಗೆದುಕೊಂಡವನಲ್ಲ ನಾನು. ಹೋಗಿ ಬಾಗಿಲು ತಟ್ಟಿದೆ.

ಒಬ್ಬ ಅಜ್ಜ ಬಾಗಿಲು ತೆಗೆದರು. ನಾನು ಟೋಪಿ ತೆಗೆದು, ನಕ್ಷೆ ತೋರಿಸಿ, "ಸರ್, ಪರ್ಮಿಶನ್," ಅಂದೆ. ಅವರಿಗೆ ತಿಳಿಯಲಿಲ್ಲ. ಹೆಂಡತಿಯನ್ನು ಕರೆದರು. ಅವರಿಗೂ ತಿಳಿಯಲಿಲ್ಲ. ಆದರೆ ಕುರ್ಚಿ ಎಳೆದರು, ಕಾಫಿ ಬಗ್ಗಿಸಿದರು, ದಾಲ್ಚಿನ್ನಿ ಹಾಕಿದ ಸುರುಳಿ ಬನ್ನು ತಟ್ಟೆಯಲ್ಲಿಟ್ಟರು. ಕೊಟ್ಟ ಕಾಫಿ ಬೇಡ ಅನ್ನುವುದು ನಮ್ಮ ಕಡೆ ಅವಮಾನ. ಕೂತು ಕುಡಿದೆ. ಎರಡನೇ ಲೋಟವನ್ನೂ ಕುಡಿದೆ. ಕಡೆಗೆ ಅಜ್ಜನಿಗೆ ಅರ್ಥವಾಯಿತು. ಅವರು ನಗುತ್ತಾ ನನ್ನ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ, ಎರಡೂ ತೋಳು ಅಗಲ ಮಾಡಿ ಇಡೀ ಕಾಡು ತೋರಿಸಿದರು. ಎಲ್ಲಾ ಕಡೆ, ಯಾರು ಬೇಕಾದರೂ, ಹೋಗು ಅನ್ನುವ ಹಾಗೆ.

ಆ ದೇಶದಲ್ಲಿ ಕಾಡು ಯಾರದ್ದೇ ಇರಲಿ, ಕಾಲು ನಡಿಗೆಗೆ ಅದು ಎಲ್ಲರದ್ದಂತೆ. ಅದನ್ನು ನನಗೆ ಮೊದಲೇ ಹೇಳಬೇಕು ಅಂತ ಲಾರ್ಸ್‌ಗೆ ಹೊಳೆದಿರಲಿಲ್ಲ. ನೀರು ಒದ್ದೆ ಅಂತ ಯಾರಾದರೂ ಹೇಳುತ್ತಾರೆಯೇ?

ಆಮೇಲೆ ಒಂದು ಜೌಗಿನಲ್ಲಿ ಎಡಗಾಲಿನ ಶೂ ಹೂತುಹೋಯಿತು. ಅದನ್ನು ಕೀಳುವಾಗ ದಿಕ್ಸೂಚಿ ಬಿತ್ತು. ಎಲ್ಲಾ ಮುಗಿಸಿ ಹೊರಗೆ ಬರುವಾಗ ಸೂರ್ಯ ಮರಗಳ ಹಿಂದೆ ಹೋಗಿದ್ದ. ಅಷ್ಟು ಜನರೂ ಅಲ್ಲೇ ಇದ್ದರು. ನಾನೇ ಕೊನೆಯವನು. ಇಡೀ ದಾರಿ ಒಂದು ನೆಪ ಹೊಂದಿಸುತ್ತಾ ಬಂದಿದ್ದೆ. ಶೂ ಸರಿ ಇರಲಿಲ್ಲ, ವಿಮಾನದ ಆಯಾಸ, ಹೀಗೆ. ನಗಲಿ, ನಾನೂ ನಕ್ಕುಬಿಡುತ್ತೇನೆ ಅಂತ ಮುಖವನ್ನೂ ಸಿದ್ಧ ಮಾಡಿಕೊಂಡೆ. ಆಗ ಒಂದು ಗಳಿಗೆ ಲೀಲಾಳ ಅವತ್ತಿನ ನಗು ನೆನಪಾಯಿತು. ಅವಳೂ ಹೀಗೇ ಸಿದ್ಧ ಮಾಡಿಕೊಂಡು ಬಂದಿದ್ದಳೋ ಏನೋ.

ಯಾರೂ ನಗಲಿಲ್ಲ. ಇಂಗ್ರಿಡ್ ಒಂದು ಕೈಯಲ್ಲಿ ಬಿಸಿ ಲೋಟ, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದುಕೊಂಡು ಬಂದರು. "ಯಾವ ದಾರಿಯಲ್ಲಿ ಹೋದಿರಿ?" ಅಂತ ಕೇಳಿದರು.

ಕಾರಿನ ಬಾನೆಟ್ಟು

ಅಲ್ಲಿ ಅದೊಂದು ಪದ್ಧತಿ. ಓಡಿ ಬಂದವರೆಲ್ಲ ಕಾರಿನ ಬಾನೆಟ್ಟಿನ ಮೇಲೆ ನಕ್ಷೆ ಹಾಸಿ, ತಾವು ಹೋದ ದಾರಿಯನ್ನು ಪೆನ್ನಿನಲ್ಲಿ ಎಳೆಯುತ್ತಾರೆ. ಗೆದ್ದವನೂ, ಸೋತವನೂ. ಎಲ್ಲಿ ತಪ್ಪಿದೆ ಅಂತ ಹೇಳುವುದೇ ಒಂದು ಸಂಭ್ರಮ. ನಾನೂ ಎಳೆದೆ. ಕೆಂಪು ಮನೆಯ ಹತ್ತಿರ ಪೆನ್ನು ನಿಂತಾಗ ನಾನು ಅಲ್ಲಿ ಕಾಫಿ ಕುಡಿದ ಕಥೆಯನ್ನು ಸುಬೇದಾರ್ರು ಇಂಗ್ಲಿಷಿನಲ್ಲಿ ಹೇಳಿದರು. ಆಗ ನಕ್ಕರು ನೋಡಿ. ಒಬ್ಬ, "ಮೂವತ್ತು ವರ್ಷದಿಂದ ಆ ಮನೆ ಹಿಂದೆ ಓಡ್ತಿದ್ದೇನೆ, ನನಗೆ ಒಂದು ಬನ್ನೂ ಸಿಕ್ಕಿಲ್ಲ," ಅಂತ ಹೊಟ್ಟೆಕಿಚ್ಚು ಪಟ್ಟ.

ಬಿಳಿ ಜಡೆಯ ಅಜ್ಜಿಯ ಹೆಸರು ಬ್ರಿಟಾ. ಅವರ ಪಕ್ಕದಲ್ಲಿ ಅಷ್ಟೇ ವಯಸ್ಸಿನ ಎಲ್ಸಾ. ಎಂಬತ್ತು ದಾಟಿದ ಇಬ್ಬರಿಗೂ ಗಿಡ್ಡ ಓಟದಲ್ಲಿ ವರ್ಷಗಟ್ಟಲೆಯ ಜಿದ್ದು. ಸೋತವರು ಆ ವಾರದ ಫ್ಲಾಸ್ಕ್ ತೊಳೆಯಬೇಕು. ಅವತ್ತು ಎಲ್ಸಾ ಸೋತಿದ್ದರು. "ಕಣ್ಣಿನ ಆಪರೇಶನ್ ಆಗಲಿ, ಆಮೇಲೆ ನೋಡ್ತೇನೆ ಇವಳನ್ನ," ಅಂತ ಗೊಣಗುತ್ತಿದ್ದರು.

"ಉದ್ದದ ಓಟದಲ್ಲಿ ಯಾರು ಗೆದ್ದರು ಅಂತ ಯಾರೂ ಕೇಳೋದಿಲ್ಲ," ಅಂದರು ಲಾರ್ಸ್. "ಇವರಿಬ್ಬರಲ್ಲಿ ಯಾರು ಗೆದ್ದರು ಅಂತ ಬೇಕರಿಯಲ್ಲೂ ಕೇಳ್ತಾರೆ. ಸರಿಸಮಾನರು ಸಿಕ್ಕರೆ ಪೈಪೋಟಿ ತಾನಾಗಿ ಹುಟ್ಟುತ್ತದೆ."

ನಾನು ಕೇಳಬೇಕಾದದ್ದನ್ನು ಕೇಳಿದೆ. ಬಾವುಟ ಯಾಕೆ ಬಚ್ಚಿಡುವುದಿಲ್ಲ?

ಲಾರ್ಸ್ ಲೋಟವನ್ನು ಬಾನೆಟ್ಟಿನ ಮೇಲಿಟ್ಟರು. "ಬಚ್ಚಿಟ್ಟರೆ ಸಿಕ್ಕುವುದು ಅದೃಷ್ಟ. ಇದು ದಾರಿ ಹುಡುಕುವ ಆಟ. ಸರಿಯಾದ ಜಾಗಕ್ಕೆ ಬಂದವರನ್ನು ಬಾವುಟ ಕೈಬೀಸಿ ಕರೆಯಬೇಕು." ಆಮೇಲೆ ಮೆಲ್ಲಗೆ, "ನಿಮ್ಮ ಏಳನೆಯದು ಬಹಳ ವಿಶೇಷ," ಅಂದರು. ಈ ಸಲ ಅರ್ಥವಾಯಿತು.

ಮನೆಗೆ ನಡೆಯುವಾಗ ನಾನೇ ಹೇಳಿದೆ, "ಮಾಚಯ್ಯಣ್ಣ, ಜನ ಓಡಿಸಿದ್ದು ನಾನೇ."

"ನೀನೊಬ್ಬನೇ ಅಲ್ಲ ಮಾರಾಯ," ಅಂದರು. "ಪಟ್ಟಾಳದಲ್ಲಿ ನಮಗೆ ಬಚ್ಚಿಡ್ಲಿಕ್ಕೇ ಕಲ್ಸಿದ್ದು. ಸಿಗದಂಗೆ ಇಡು ಅಂತ ನಿಂಗೆ ಹೇಳಿಕೊಟ್ಟದ್ದು ಯಾರು? ಮೇಲಿಂದ ಆ ಮೈಕಿನವನನ್ನ ಕರೆಸೋದೂ ನಾನೇ." ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಅಟ್ಟಕ್ಕೆ ಹಾಕುವ ಮಾತು ಈಗ ಬೇಡ," ಅಂದರು.

ಬೆಳಗಿನ ಫೋನು

ಮಾರನೇ ದಿನ ಬೆಳಿಗ್ಗೆ ಮನೆಗೆ ಫೋನು ಮಾಡಿದೆ. ಹೇಳಬೇಕಾದದ್ದು ಒಂದು, ಬಾಯಿಗೆ ಬಂದದ್ದು ನಾಯಿಗೆ ಊಟ ಹಾಕಿದೆಯಾ ಅಂತ.

"ಹಾಕ್ದೆ. ಯಾಕೆ ದನಿ ಹೀಗುಂಟು? ಜ್ವರವಾ?"

"ಇಲ್ಲ. ನಿನ್ನೆ ಕಾಡಲ್ಲಿ ದಾರಿ ತಪ್ಪಿದ್ದೆ."

"ಯಾರು, ನೀವಾ?" ಅಂದಳು. ಅವಳು ನಕ್ಕ ನಗೆಗೆ ಫೋನು ಕಿವಿಯಿಂದ ದೂರ ಹಿಡಿಯಬೇಕಾಯಿತು. ನಗು ಇಳಿದ ಮೇಲೆ ಕೇಳಿದಳು, "ಬಾವುಟ ಸಿಗ್ಲಿಲ್ವಾ?"

"ಎದುರಿಗೇ ಇತ್ತು. ನೋಡಿಯೂ ಮುಂದೆ ಹೋದೆ." ಇನ್ನು ತಡ ಮಾಡಬಾರದು ಅನ್ನಿಸಿತು. "ಲೀಲಾ, ನಮ್ಮ ಏಳನೇದು ಹಲಸಿನ ಮರದ ಪೊಟರೇಲಿ ಇತ್ತು. ಯಾರಿಗೂ ಸಿಗದ ಹಾಗೆ ನಾನೇ ಬಳ್ಳಿ ಎಳೆದಿದ್ದೆ. ನಿನ್ನ ತಪ್ಪಿರಲಿಲ್ಲ."

"ಗೊತ್ತು."

"ಹೇಗೆ ಗೊತ್ತು?"

"ಮಾರನೇ ದಿನ ಸೌದೆಗೆ ಹೋದಾಗ ಆ ಮರಾನೇ ನೋಡ್ದೆ. ಬಳ್ಳಿ ಬಾಡಿತ್ತು. ಸರಿಸಿ ನೋಡಿದ್ರೆ ಒಳಗುಂಟು."

"ಮತ್ತೆ ಹೇಳ್ಬೇಕಿತ್ತಲ್ಲ."

"ನೀವು ಕೇಳ್ಲಿಲ್ಲ," ಅಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮತ್ತೆ ಮಾದಾಪುರ

ಮಳೆ ಪೂರ್ತಿ ನಿಂತ ಮೇಲೆ, ಹಣ್ಣು ಕುಯ್ಯುವ ಕೆಲಸ ಶುರುವಾಗುವ ಮುಂಚಿನ ಒಂದು ಭಾನುವಾರ ಓಟ ಇಟ್ಟೆವು. ಶಾಮಿಯಾನವಿಲ್ಲ, ಮೈಕಿಲ್ಲ. ಒಂದು ಮೇಜು, ಎರಡು ಪಾತ್ರೆ ಬೆಲ್ಲದ ಕಾಫಿ. ಗಿಡ್ಡದ್ದು, ನಡುವಿನದ್ದು, ಉದ್ದದ್ದು. ತೋಟದ ಮಾಲೀಕರ ಅನುಮತಿ ಮಾತ್ರ ಮೊದಲೇ ಕೇಳಿದೆ, ಇದು ಸ್ವೀಡನ್ ಅಲ್ಲವಲ್ಲ. ಅವರ ಆಫೀಸಿನ ಗೋಡೆಯ ಮೇಲೆ ತೋಟದ ದೊಡ್ಡ ನಕ್ಷೆಯಿದೆ. ಅದರ ಕೆಳಗೆ ನಿಂತು ಸಂಬಳ ತೆಗೆದುಕೊಂಡ ಹೆಂಗಸರು ಎಷ್ಟೋ ಜನ. ತೋಟದ ಗಿಡ ಗಿಡವೂ ಅವರಿಗೆ ಗೊತ್ತು, ನಕ್ಷೆಯನ್ನು ಯಾರೂ ಅವರ ಕೈಗೆ ಕೊಟ್ಟಿರಲಿಲ್ಲ. ತೋಟದ ಕೆಲಸದವರ ಲೈನ್ ಮನೆಗಳಿಗೂ, ಸ್ತ್ರೀಶಕ್ತಿ ಸಂಘಕ್ಕೂ ನಾನೇ ಹೋಗಿ ಹೇಳಿ ಬಂದೆ. ಮೇಲಿನ ಲೈನಿನವರಿಗೂ ಕೆಳಗಿನ ಲೈನಿನವರಿಗೂ ಪಂದ್ಯ, ಸೋತವರು ಪಾತ್ರೆ ತೊಳೆಯಬೇಕು ಅಂದೆ. ನನ್ನ ಮಾತು ಮುಗಿಯುವ ಮೊದಲೇ ಅಲ್ಲಿ ಜಗಳ ಶುರುವಾಗಿತ್ತು.

ಲೀಲಾ ಅವತ್ತು ಮೂರ್ನಾಡಿನಲ್ಲಿ ಒಂದು ನಾಮಕರಣ ಇದೆ ಅಂದಿದ್ದಳು. ನಾನು ಒತ್ತಾಯ ಮಾಡಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಪಾರ್ವತಕ್ಕನ ಜೊತೆ ಬಂದಳು. ಪಾರ್ವತಕ್ಕ ಅವಳ ಜೊತೆ ಇಪ್ಪತ್ತು ವರ್ಷ ಹಣ್ಣು ಕುಯ್ದವಳು. ಇಬ್ಬರಿಗೂ ಯಾರ ಬುಟ್ಟಿ ಮೊದಲು ತುಂಬುತ್ತದೆ ಅಂತ ಅಂದಿನಿಂದಲೂ ಪೈಪೋಟಿ.

"ನಾಮಕರಣ?" ಅಂದೆ.

"ಮಗು ಬೆಳೆದು ದೊಡ್ಡದಾಯ್ತು," ಅಂದಳು. ನಡುವಿನ ನಕ್ಷೆ ಎಳೆದುಕೊಂಡು ಹೋದಳು.

ಎಷ್ಟು ಜನ ಬಂದಿದ್ದರು ಅಂತ ನಾನು ಹೇಳುವುದಿಲ್ಲ, ಹೇಳಿದರೆ ಮತ್ತೆ ಹದಿನೈದರ ಹಾಗಾಗುತ್ತದೆ. ಹತ್ತೂವರೆಗೆ ಸುಬೇದಾರ್ರು ಬಂದು, "ಕುಶಾಲ, ಲೋಟ ಮುಗೀತು. ತೊಳ್ದು ತೊಳ್ದು ಕೊಡ್ತಿದ್ದೇನೆ," ಅಂದರು. ಮಂಡಿ ನೋವು ಮರೆತು ಓಡಾಡುತ್ತಿದ್ದರು.

ಪಾರ್ವತಕ್ಕ ಬಂದಳು. ಮೇಲಿನ ಲೈನಿನವರು ಬಂದರು. ಉದ್ದದ್ದಕ್ಕೆ ಹೋದ ಕಾಲೇಜು ಹುಡುಗರೂ ಬಂದರು. ಲೀಲಾ ಬರಲಿಲ್ಲ. ಎಲ್ಲರ ಕಣ್ಣೂ ಕಾಫಿ ಗಿಡಗಳ ಸಾಲಿನ ಕಡೆಗೇ. ಅವಳು ಬಂದಾಗ ಬಿಸಿಲು ನೆತ್ತಿಗೇರಿತ್ತು. ಎಂಟೂ ಬಾವುಟದ ಗುರುತು ಚೀಟಿಯಲ್ಲಿತ್ತು, ಆದರೆ ಕೊನೆಯವಳು. ಪಾರ್ವತಕ್ಕ, "ಏನ್ ಲೀಲಾ, ಅಲ್ಲೇ ಅಡುಗೆ ಮಾಡಿ ಉಂಡು ಬಂದ್ಯಾ?" ಅಂತ ಶುರು ಮಾಡಿದಳು. ಜನ ನನ್ನ ಬಾಯಿ ನೋಡಿದರು. ನನ್ನ ನಾಲಿಗೆಯ ತುದಿಯಲ್ಲೂ ಒಂದು ಮಾತಿತ್ತು, ಇಲ್ಲ ಎನ್ನಲಾರೆ. ಹಳೆಯ ಚಟ.

ಒಂದು ಕೈಯಲ್ಲಿ ಕಾಫಿ, ಒಂದು ಕೈಯಲ್ಲಿ ಪೆನ್ನು ಹಿಡಿದು ಹೋದೆ. "ಯಾವ ದಾರೀಲಿ ಹೋದೆ?" ಅಂದೆ.

ಅವಳು ನನ್ನನ್ನು ನೋಡಿದಳು. ಕಾಫಿ ತೆಗೆದುಕೊಳ್ಳಲಿಲ್ಲ. ಪೆನ್ನು ತೆಗೆದುಕೊಂಡು ಸುಬೇದಾರ್ರ ಜೀಪಿನ ಬಾನೆಟ್ಟಿನ ಮೇಲೆ ನಕ್ಷೆ ಹಾಸಿದಳು. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ನಿಧಾನವಾಗಿ ಗೆರೆ ಎಳೆದಳು. ಪಾರ್ವತಕ್ಕ ಬಗ್ಗಿದಳು, ಸುಬೇದಾರ್ರು ಬಗ್ಗಿದರು. ಏಳನೆಯ ಸುತ್ತಿನ ಹತ್ತಿರ ಪೆನ್ನು ನಿಂತಿತು. ಅದೇ ಹಲಸಿನ ಮರ.

"ಇಲ್ಲಿ ಹೊತ್ತು ಹೋಯ್ತು," ಅಂದಳು. "ಬಾವುಟ ಎದುರಿಗೇ ಇತ್ತು, ದೂರದಿಂದ್ಲೇ ಕಾಣ್ತಿತ್ತು. ಆದ್ರೂ ಬಳ್ಳಿ ಸರಿಸಿ, ಪೊಟರೆ ಒಳಗೆ ಕೈ ಹಾಕಿ, ಪೂರ್ತಿ ನೋಡ್ದೆ. ನಿಮ್ಮನ್ನ ನಂಬ್ಲಿಕ್ಕಾಗ್ತದಾ?"

ಆಮೇಲೆ ಪಕ್ಕಕ್ಕೆ ಸರಿದು ನನಗೂ ಜಾಗ ಕೊಟ್ಟಳು. "ನಿಲ್ಲಿ, ಇನ್ನೂ ಎಂಟನೇದು ಹೇಳ್ತೇನೆ. ಅಲ್ಲೂ ಒಂದು ಕಥೆ ಉಂಟು."